ಬಸವಲಿಂಗನ ಬ್ರೇಕಿಗೆ ಕುಸುಬಿ ಎಣ್ಣೆ

ಕಾರಿನ ಬ್ರೇಕು ಎಂಬ ಕ್ಷುಲ್ಲಕ ವಸ್ತುವನ್ನು ನನ್ನ ಸ್ವಂತ ಕೈಗಳಿಂದಲೇ ರಿಪೇರಿ ಮಾಡುತ್ತೇನೆಂದು ಒಂದು ಬುಧವಾರ ಸಂಜೆ ಘೋಷಿಸಿದೆ. ಸ್ಥಳ: ಪುಣೆಯ ಸದಾಶಿವ ಪೇಠದಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲು. ಸಭಿಕರು: ನನ್ನ ಹೆಂಡತಿ ಆರತಿ, ನನ್ನ ತಾಯಿ ತಾಯಮ್ಮ. ಚಪ್ಪಾಳೆ: ಇಲ್ಲ.

"ಬಚ್ಚಲದಾಗಿನ ನಳ ಸೋರಾಕತ್ತು ಎಷ್ಟ ದಿನಾ ಆತ್ರಿ?" ಎಂದಳು ಆರತಿ.

"ನಳ ಬ್ಯಾರೆ, ಬ್ರೇಕ್ ಬ್ಯಾರೆ!"

"ಹೌದ್ರಿ. ನಳ ಕೆಟ್ರ ನೀರು ಹೋಗ್ತದ. ಬ್ರೇಕ್ ಕೆಟ್ರ ನೀವ ಹೋಗ್ತೀರಿ."

ಅಂದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಹೋಗುವ ಮಾತನ್ನು ನಮ್ಮ ಮನೆಯಲ್ಲಿ ಈಚೆಗೆ ಯಾರೂ ತಮಾಷೆಗೆ ಆಡುತ್ತಿರಲಿಲ್ಲ. ಆ ಕಾರು ಬಸವಲಿಂಗನದು. ಬಸವಲಿಂಗ ಶ್ರಾವಣದಲ್ಲಿ ತೀರಿಕೊಂಡ.

ವಿಜಯಪುರದ ಕಾಲೇಜಿನ ಬೆಂಚಿನಿಂದ ಪುಣೆಯವರೆಗೆ ಜೊತೆಗೇ ಬಂದ ಗೆಳೆಯ ಅವನು. ಖರಾಡಿಯ ಒಂದೇ ಕಟ್ಟಡದಲ್ಲಿ ಅವನ ಆಫೀಸು ಮೇಲೆ, ನನ್ನದು ಕೆಳಗೆ. ಪ್ರತಿದಿನ ಕರ್ವೇನಗರದ ತನ್ನ ಮನೆಯಿಂದ ಹೊರಟು, ನಮ್ಮ ಓಣಿಗೆ ಬಂದು, ನನ್ನನ್ನು ಹತ್ತಿಸಿಕೊಂಡು ಹೋಗುತ್ತಿದ್ದ. ನಮ್ಮ ಓಣಿಯಲ್ಲಿ ಹಾರ್ನ್ ಬಾರಿಸುವಂತಿಲ್ಲ. ಎದುರಿನ ಕೋಚಿಂಗ್ ಕ್ಲಾಸಿನವರು ಮರಾಠಿಯಲ್ಲಿ ಫಲಕ ತೂಗುಹಾಕಿದ್ದಾರೆ: 'ಇಲ್ಲಿ ಮಕ್ಕಳು ಓದುತ್ತಿದ್ದಾರೆ. ನೀವೂ ಆ ವಯಸ್ಸಿನಲ್ಲಿ ಓದಿದ್ದರೆ ಹಾರ್ನ್ ಬಾರಿಸುತ್ತಿರಲಿಲ್ಲ.' ಬಸವಲಿಂಗನಿಗೆ ಹಾರ್ನ್ ಬೇಕಾಗಿಯೂ ಇರಲಿಲ್ಲ. ಅವನ ಕಾರಿನ ಬ್ರೇಕು 'ಕೀಂಯ್‌ಯ್‌ಯ್' ಎಂದು ಕಿರುಚಿದರೆ ಓಣಿಯ ಪಾರಿವಾಳಗಳೆಲ್ಲ ಮೇಲಕ್ಕೆ ಹಾರುತ್ತಿದ್ದವು, ನಾನು ಊಟದ ಡಬ್ಬಿ ಎತ್ತಿಕೊಂಡು ಕೆಳಕ್ಕೆ ಇಳಿಯುತ್ತಿದ್ದೆ. ಸದ್ದು ಕಿವಿಗೆ ಬಿತ್ತೆಂದು ತಲೆಗೆ ತಿಳಿಯುವ ಮೊದಲೇ ಕಾಲು ಮೆಟ್ಟಿಲ ಮೇಲಿರುತ್ತಿತ್ತು.

"ಲೇ, ಅದನ್ನ ಒಮ್ಮೆ ರಿಪೇರಿ ಮಾಡಸೋ" ಎಂದು ಎಷ್ಟು ಸಲ ಹೇಳಿದ್ದೆನೋ.

"ಮುರುಗ್ಯಾ, ಹಾರ್ನ್ ಹೊಡದ್ರ ನಿಮ್ಮ ಓಣಿ ಮಂದಿ ಬೈತಾರ. ಬ್ರೇಕ್ ಹಾಕಿದ್ರ ಯಾರ ಬೈತಾರ?" ಎನ್ನುತ್ತಿದ್ದ.

ಈಗ ಅವನ ಹೆಂಡತಿ ಅನುಸೂಯಾ ಡ್ರೈವಿಂಗ್ ಕಲಿತಿದ್ದಳು. ಖರಾಡಿಯ ಒಂದು ಶಾಲೆಯ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಗಂಡನ ಕಾರನ್ನು ತಾನೇ ನಡೆಸಿಕೊಂಡು ಹೋಗುವುದೆಂದು ನಿಶ್ಚಯಿಸಿದ್ದಳು.

"ಅಣ್ಣಾರ, ಬಾಕಿ ಎಲ್ಲಾ ಬರ್ತದ. ಆದ್ರ ಆ ಸದ್ದು ಒಂದ ಬ್ಯಾಡ್ರಿ. ಬ್ರೇಕ್ ಒತ್ತೂದ ತಡ, ಅವ್ರು ಬಂದ್ರು ಅಂತನಸ್ತದ. ಕೈ ನಡಗ್ತಾವ. ನಡಗೋ ಕೈಯಾಗ ಗಾಡಿ ಹ್ಯಾಂಗ ಹಿಡೀಲಿ? ಗ್ಯಾರೇಜಿಗೆ ಕೊಟ್ ಬಿಡ್ಲ್ಯಾ?"

"ಛೇ ಛೇ! ಬಸವಲಿಂಗನ ಗಾಡಿ ಕಂಡವರ ಕೈಗೆ? ನಾ ಅದೇನಿ! ಸೋಮವಾರ ಮುಂಜಾನೆ ನಿನ್ನ ಗಾಡಿ ಹೂ ಇಟ್ಟಂಗ ನಿಲ್ತದ, ನೋಡ ತಂಗೀ."

"ಮೊದಲ್ನೇ ದಿನಾ ನೀವು ಬಾಜೂಕ ಕುಂಡ್ರಬೇಕ್ರಿ. ಧೈರ್ಯಕ್ಕ."

"ಕುಂಡ್ರತೀನಿ!"

ಹೀಗೆ ನಾನು ಎರಡು ವಚನ ಕೊಟ್ಟೆ. ಎರಡೂ ಏನಾದವೆಂಬುದೇ ಮುಂದಿನ ಕಥೆ.

ನಾನು ಓದಿನ ಮನುಷ್ಯ. ಓದಿದರೆ ತಿಳಿಯದ ವಿಷಯ ಈ ಭೂಮಂಡಲದಲ್ಲಿಲ್ಲ ಎಂದು ನಂಬಿದವನು. ಗುರುವಾರ ಪೂರ್ತಿ ಬ್ರೇಕಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿದೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಗೆ ರೋಟರ್ ಎನ್ನುತ್ತಾರೆ, ಡಿಸ್ಕ್ ಎಂದೂ ಎನ್ನುತ್ತಾರೆ. ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿದು ನಿಲ್ಲಿಸುವುದು ಪ್ಯಾಡು. ಇಷ್ಟರವರೆಗೆ ನನ್ನ ತಲೆ ಸರಿಯಿತ್ತು. ಆಮೇಲೆ ಗೊತ್ತಾಯಿತು, ಪ್ಯಾಡಿನಲ್ಲಿ ಲೋಹದ್ದು ಬೇರೆ, ನಾರಿನದು ಬೇರೆ, ಸಿರಾಮಿಕ್ ಬೇರೆ. ಲೋಹದ್ದು ಗಟ್ಟಿ, ಆದರೆ ಕಿರುಚುತ್ತದೆ. ನಾರಿನದು ಕಿರುಚುವುದಿಲ್ಲ, ಆದರೆ ಬೇಗ ಸವೆಯುತ್ತದೆ. ಸಿರಾಮಿಕ್ ಎರಡನ್ನೂ ಮಾಡುವುದಿಲ್ಲ, ಆದರೆ ಚಳಿಯಲ್ಲಿ ಸ್ವಲ್ಪ ಹೊತ್ತು ಮುನಿಸಿಕೊಂಡಿರುತ್ತದಂತೆ! ರೋಟರಿನಲ್ಲೋ, ನುಣ್ಣಗಿರುವುದು, ಗೀರು ಹಾಕಿದ್ದು, ತೂತು ಕೊರೆದದ್ದು. ಒಬ್ಬ ಪಂಡಿತ ತೂತಿನದೇ ಶ್ರೇಷ್ಠವೆಂದರೆ, ಅವನ ಕೆಳಗೇ ಇನ್ನೊಬ್ಬ 'ತೂತು ನಿನ್ನ ತಲೆಯಲ್ಲಿದೆ' ಎಂದು ಬರೆದಿದ್ದ. ಸಂಜೆಯ ಹೊತ್ತಿಗೆ ನನಗೆ ಬ್ರೇಕು ಯಾವುದು, ಆಕ್ಸಿಲರೇಟರ್ ಯಾವುದು ಎಂಬುದೂ ಅನುಮಾನವಾಯಿತು.

"ಸಿರಾಮಿಕ್ ಅಂದ್ರ ಉಪ್ಪಿನಕಾಯಿ ಭರಣಿ ಇರ್ತಾವಲ್ಲ, ಅದ ಏನ್ರಿ?" ಆರತಿ ಕೇಳಿದಳು.

"ಹೆಚ್ಚು ಕಡಿಮೆ ಅದ."

"ಮತ್ತ ಈ ತೂತಿನ ರೋಟರ್ ಅಂದ್ರ ಬೂಂದಿ ಕರಿಯೋ ಝಾರಾ. ಗಾಡಿ ಮಾಡಾಕತ್ತೀರೋ, ಮದುವಿ ಅಡಗಿ ಮಾಡಾಕತ್ತೀರೋ?"

ಶುಕ್ರವಾರ ಅರ್ಧ ದಿನ ರಜೆ ಹಾಕಿ ನಾನಾ ಪೇಠದ ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯವನು ಮರಾಠಿಯಲ್ಲಿ "ಕಾಕಾ, ಗಾಡಿ ಕುಠಲೀ?" ಎಂದು ಕೇಳಿದ. ಗಾಡಿ ಯಾವುದೆಂದರೆ? "ನೀಲಿ ಬಣ್ಣದ್ದು" ಎಂದೆ. ಅವನು ನನ್ನನ್ನು ಒಂದು ಕ್ಷಣ ಕರುಣೆಯಿಂದ ನೋಡಿದ. ಫೋನಿನಲ್ಲಿದ್ದ ಕಾರಿನ ಫೋಟೋ ತೋರಿಸಿದೆ. "ಒಟ್ಟಿನಲ್ಲಿ ಸದ್ದು ಬರಬಾರದು, ಒಂದಿಷ್ಟೂ ಬರಬಾರದು" ಎಂದು ಮೇಜು ಕುಟ್ಟಿದೆ. "ಕಾಕಾ, ಬ್ರೇಕ್ ಆಹೆ, ತಂಬೋರಾ ನಾಹೀ" ಎಂದ. ಬ್ರೇಕು ಇದು, ಶ್ರುತಿ ಹಿಡಿಯಲು ತಂಬೂರಿಯಲ್ಲ! ಪಕ್ಕದ ಗಿರಾಕಿ ಲೋಹದ್ದು ಒಯ್ಯಿರಿ ಎಂದ, ಅವನ ಪಕ್ಕದವನು ಬೇಡವೇ ಬೇಡ ಎಂದ. ಅವರಿಬ್ಬರೂ ಜಗಳಕ್ಕೆ ನಿಂತಾಗ ನಾನು ಕಣ್ಣು ಮುಚ್ಚಿ ಸಿರಾಮಿಕ್ ಪ್ಯಾಡು, ನುಣ್ಣನೆಯ ರೋಟರ್ ಎಂದುಬಿಟ್ಟೆ.

ಮನೆಗೆ ತಂದು ಎರಡೂ ರೋಟರುಗಳನ್ನು ಊಟದ ಮೇಜಿನ ಮೇಲಿಟ್ಟೆ. ಅವ್ವ ಬಂದು ಬೆರಳಿನಿಂದ ಸವರಿ ನೋಡಿದಳು.

"ಛಲೋ ಕಬ್ಬಿಣ ಐತಿ ತಮ್ಮಾ. ನಡಕ ಯಾಕ ತೂತ?"

"ರೊಟ್ಟಿ ಹಂಚಲ್ಲಬೇ, ಗಾಡಿ ಗಾಲೀದು."

"ಗಾಲೀದರ ಇರಲಿ. ಹೊಸಾ ಕಬ್ಬಿಣ ಹಸೀ ಇರ್ತದ. ಎಣ್ಣಿ ಕುಡಸದ ಹಂಗ ಬಳಸಬಾರದು. ಬಂಡಿ ಗಾಲಿ ಕಿರ್ ಅಂದ್ರ ನಿಮ್ಮಪ್ಪ ಏನ ಮಾಡ್ತಿದ್ದ? ಕೀಲೆಣ್ಣಿ ಹಾಕ್ತಿದ್ದ. ಸದ್ದು ಹೋಗ್ತಿತ್ತು. ನೋಡಿಲ್ಲಿ, ನಿಮ್ಮ ಕಂಪನಿಯವ್ರೂ ಎಣ್ಣಿ ಸವರ್ಯಾರ!"

ನೋಡಿದೆ. ನಿಜ! ಹೊಸ ರೋಟರಿನ ಮೇಲೆ ತೆಳ್ಳಗೆ ಎಣ್ಣೆ ಇತ್ತು. ಗುರುವಾರ ನೋಡಿದ ರಿಪೇರಿ ವಿಡಿಯೋದಲ್ಲೂ ಒಬ್ಬ ಮನುಷ್ಯ "ಹೊಸ ರೋಟರಿನ ಮೇಲೆ ಎಣ್ಣೆಯಿರುತ್ತದೆ, ಅದನ್ನು..." ಎಂದಿದ್ದ. ಅಷ್ಟರಲ್ಲಿ ಜಾಹೀರಾತು ಬಂದಿತ್ತು, ನಾನು ಮುಂದಕ್ಕೆ ಹಾರಿಸಿದ್ದೆ. ಎರಡು ದಿನದಿಂದ ಗೊಂದಲದಲ್ಲಿ ಬೆಂದಿದ್ದ ನನಗೆ ಜಗತ್ತಿನಲ್ಲಿ ಒಂದು ವಿಷಯದಲ್ಲಾದರೂ ಎಲ್ಲರೂ ಒಮ್ಮತದಲ್ಲಿದ್ದಾರೆಂದು ಭಾಳ ಸಮಾಧಾನವಾಯಿತು. ಕಂಪನಿಯವರೂ ಎಣ್ಣೆ ಎನ್ನುತ್ತಾರೆ, ಅವ್ವನೂ ಎಣ್ಣೆ ಎನ್ನುತ್ತಾಳೆ!

"ಹಚ್ಚಬೇ" ಎಂದೆ.

ಅವ್ವ ಹಚ್ಚುವವಳಲ್ಲ, ಕುಡಿಸುವವಳು. ರೋಟರುಗಳನ್ನು ಒಂದೊಂದಾಗಿ ಒಲೆಯ ಮೇಲಿಟ್ಟು, ಸಣ್ಣ ಉರಿಯಲ್ಲಿ ಕಾಯಿಸಿ, ಊರಿನಿಂದ ತರಿಸಿದ ಗಾಣದ ಕುಸುಬಿ ಎಣ್ಣೆ ಸುರಿದು, ಅರ್ಧ ಉಳ್ಳಾಗಡ್ಡಿಯಿಂದ ಗರಗರ ತಿಕ್ಕಿದಳು. ಹೊಸ ಹಂಚಿಗೆ ಮಾಡುವ ಸಂಸ್ಕಾರ ಒಂದೂ ತಪ್ಪಲಿಲ್ಲ. ಆರಿದ ಮೇಲೆ ನಾನು ಭಕ್ತಿಯಿಂದ ಇನ್ನೊಂದು ಕೈ ಎಣ್ಣೆ ಸವರಿದೆ. ಕನ್ನಡಿಯಂತೆ ಹೊಳೆಯುತ್ತಿದ್ದವು.

ಶನಿವಾರ ಮುಂಜಾನೆ ಕರ್ವೇನಗರದ ಅನುಸೂಯಾಳ ಸೊಸೈಟಿಯಲ್ಲಿ ಮಹಾಯಜ್ಞ ಆರಂಭವಾಯಿತು. ನಾನು ಜಾಕಿ ಏರಿಸಿ ಕಾರಿನ ಪಕ್ಕ ಕುಳಿತೆ. ಆರತಿ ತನ್ನ ಫೋನು ಹಿಡಿದು ಆ ವಿಡಿಯೋ ನೋಡುತ್ತ ನಿಂತಳು.

"ಬೋಲ್ಟ್ ತಗದೆ. ಮುಂದ ಏನಂತಾನ?"

"ಮುಂದ ಗ್ವಾಡಿಗೆ ಬಣ್ಣಾ ಹಚ್ರಿ ಅಂತಾನ."

"ಅದು ಜಾಹೀರಾತು!"

"ನನಗೇನ ಗೊತ್ರಿ? ನೀವು ಮಾಡೂದು ನೋಡಿದ್ರ ಅದೂ ಮಾಡ್ತೀರಿ ಅನಸ್ತು."

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿಸಿದೆ. ಎರಡು ಸಣ್ಣ ಕ್ಲಿಪ್ಪು ಉಳಿದವು. ಕಂಪನಿಯವರು ಹೆಚ್ಚಿಗೆ ಕೊಟ್ಟಿರಬೇಕೆಂದು ಕಿಸೆಗೆ ಹಾಕಿಕೊಂಡೆ. ಅನುಸೂಯಾ ಬಾಲ್ಕನಿಯಲ್ಲಿ ಬಂದು ನಿಂತಳು. ನಾನು ಕೈ ಬೀಸಿ, ಆರತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಸೊಸೈಟಿಯ ಅಂಗಳದೊಳಗೇ ನಡೆದಾಡುವ ವೇಗದಲ್ಲಿ ಕಾರು ಬಿಟ್ಟೆ. ಬ್ರೇಕ್ ಒತ್ತಿದೆ.

ನಿಶ್ಶಬ್ದ! ಪಾರಿವಾಳದ ಒಂದು ಪುಕ್ಕವೂ ಅಲುಗಲಿಲ್ಲ!

"ಕೇಳಿದ್ಯಾ? ಸದ್ದ ಇಲ್ಲ!" ಎಂದು ಕೂಗಿದೆ.

"ಸದ್ದೂ ಇಲ್ಲ, ನಿಲ್ಲೂದೂ ಇಲ್ಲ! ಗ್ವಾಡಿ ಬಂತ್ರೀ!"

ಎದುರಿಗೆ ಸೊಸೈಟಿಯ ಮರಾಠಿ ಫಲಕವೊಂದು ನಿಂತಿತ್ತು: 'ಇಲ್ಲಿ ವಾಹನ ನಿಲ್ಲಿಸಬಾರದು.' ನನ್ನ ವಾಹನ ಆ ಆಜ್ಞೆಯನ್ನು ಅಕ್ಷರಶಃ ಪಾಲಿಸಿತು. ನಿಲ್ಲಲಿಲ್ಲ. ಫಲಕವನ್ನು ನಿಧಾನವಾಗಿ ಮಲಗಿಸಿ, ಅದರ ಮೇಲೆ ಹಾದು, ಹೂವಿನ ಕುಂಡಗಳ ಸಾಲಿನ ಕಡೆಗೆ ಎಣ್ಣೆಯಲ್ಲಿ ತೇಲುವ ಬಜ್ಜಿಯಂತೆ ಸಾಗಿತು. ಆರತಿ ಹ್ಯಾಂಡ್‌ಬ್ರೇಕ್ ಜಗ್ಗಿದಳು. ಎರಡು ಕುಂಡ ಒಡೆದವು, ಕಾರು ನಿಂತಿತು. ಮುಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಎದ್ದಿತು. ಹೊಗೆಯ ಜೊತೆ ಸುಟ್ಟ ಉಳ್ಳಾಗಡ್ಡಿಯ ಘಮಘಮ!

ಬಾಗಿಲುಗಳು ತೆರೆದವು. ಸೊಸೈಟಿಯ ಅಧ್ಯಕ್ಷ ಋಷಿಕೇಶರು ಮೂಗೆತ್ತಿಕೊಂಡು ಇಳಿದು ಬಂದು ಕೇಳಿದರು: "ಕಾಂದಾ ಭಜೀ ಕೋಣ್ ಕರತಂಯ್?" ಉಳ್ಳಾಗಡ್ಡಿ ಬಜ್ಜಿ ಕರಿಯುತ್ತಿರುವವರು ಯಾರೆಂದು! ಆಮೇಲೆ ಮಲಗಿದ್ದ ಫಲಕವನ್ನು ನೋಡಿದರು, ನನ್ನನ್ನು ನೋಡಿದರು. ಪುಣೆಯ ಜನ ಬೈಯುವುದಿಲ್ಲ. "ನಿಮಗೆ ಮರಾಠಿ ಓದಲು ಬರುತ್ತದೆಂದು ತಿಳಿದು ಸಂತೋಷವಾಯಿತು" ಎಂದರು.

ಅನುಸೂಯಾ ಕೆಳಗಿಳಿದು ಬಂದು ಬಗ್ಗಿ ಚಕ್ರ ಮೂಸಿದಳು.

"ಕುಸುಬಿ ಎಣ್ಣಿ ಏನ್ರಿ ಅಣ್ಣಾರ?"

"ಗಾಣದ್ದು" ಎಂದೆ, ತಲೆ ತಗ್ಗಿಸಿ.

"ಅವ್ರು ಇರಬೇಕಿತ್ರಿ. ಇದನ್ನ ಹೇಳಿ ಹೇಳಿ ನಗೂದು ಸಾಯೂತನಾ ಬಿಡ್ತಿದ್ದಿಲ್ಲ."

ಬಿಡುತ್ತಿರಲಿಲ್ಲ, ನಿಜ. ಖರಾಡಿಯ ಲಿಫ್ಟಿನಲ್ಲಿ ಅಪರಿಚಿತರನ್ನೂ ನಿಲ್ಲಿಸಿ ಹೇಳುತ್ತಿದ್ದ. ನನಗೂ ಅವನದೇ ನೆನಪಾಗಿತ್ತು. ಕಾರು ನಿಂತ ತಕ್ಷಣ ಮೊದಲು ಬಂದ ಯೋಚನೆ, ಇದನ್ನು ಬಸವಲಿಂಗನಿಗೆ ಹೇಳಬೇಕು ಎಂಬುದು. ಫೋನು ಕಿಸೆಯಿಂದ ಅರ್ಧ ಹೊರಗೂ ಬಂದಿತ್ತು. ಮತ್ತೆ ಒಳಗಿಟ್ಟೆ.

ಕೊನೆಗೆ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೇ ಒಯ್ದದ್ದಾಯಿತು. ಹೊಸ ರೋಟರಿನ ಎಣ್ಣೆ ತುಕ್ಕು ಹಿಡಿಯದಿರಲೆಂದು ಸವರಿದ್ದು, ಕೂಡಿಸುವ ಮೊದಲು ಅದನ್ನು ಒರೆಸಿ ತೆಗೆಯಬೇಕೆಂದು ಅಲ್ಲಿ ತಿಳಿಯಿತು. ಎಣ್ಣೆ ಕುಡಿದ ಪ್ಯಾಡುಗಳು ಕಸಕ್ಕೆ ಹೋದವು. ಕಿಸೆಯಲ್ಲಿದ್ದ ಕ್ಲಿಪ್ಪುಗಳನ್ನು ಯಾರೂ ನೋಡದಂತೆ ಅವರ ಮೇಜಿನ ಮೇಲಿಟ್ಟು ಬಂದೆ. ಹೊಸದಾಗಿ ಹಾಕಿದ್ದು ಸಿರಾಮಿಕ್ಕೋ ಲೋಹದ್ದೋ, ಕೇಳುವ ಧೈರ್ಯ ಮಾಡಲಿಲ್ಲ. ಭಾನುವಾರ ಸಂಜೆ ಅನುಸೂಯಾ ತಾನೇ ಓಡಿಸಿ ನೋಡಿ ಫೋನು ಮಾಡಿದಳು.

"ನಿಲ್ತದ್ರಿ. ಸದ್ದೂ ಇಲ್ಲ. ನಾಳೆ ಎಂಟೂವರಿಗೆ ನಿಮ್ಮ ಓಣಿಗೆ ಬರ್ತೀನಿ, ತಯಾರ ಇರ್ರಿ."

ಒಂದು ವಚನ ಗ್ಯಾರೇಜಿನವರು ಉಳಿಸಿಕೊಟ್ಟರು. ಇನ್ನೊಂದನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲೇ ಇತ್ತು. ಸೋಮವಾರ ಎಂಟಕ್ಕೇ ಸ್ನಾನ, ತಿಂಡಿ ಮುಗಿಸಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತೆ. ಅವಳು ಬಂದ ಮರುಕ್ಷಣವೇ ಕೆಳಗಿರಬೇಕು! ಫ್ಯಾನು ಆರಿಸಿದೆ. ಆರತಿ ಚಟ್ನಿಗೆ ಮಿಕ್ಸರ್ ಹಾಕಿದಳು, ನಿಲ್ಲಿಸಲು ಹೇಳಿದೆ. ಅವ್ವನ ರೇಡಿಯೋ ಬಂದ್ ಮಾಡಿಸಿದೆ. ನಡುವೆ ಗುಂಯ್‌ಗುಡಬಾರದೆಂದು ಫೋನನ್ನೂ ಸೈಲೆಂಟ್ ಮಾಡಿ ಚೀಲದೊಳಗೆ ಹಾಕಿದೆ. ಮನೆಯಲ್ಲಿ ನಳ ಸೋರುವುದು ಬಿಟ್ಟರೆ ಬೇರೆ ಸದ್ದಿಲ್ಲ. ಕಣ್ಣು ಮುಚ್ಚಿ, ಕಿವಿಯನ್ನಷ್ಟೇ ಓಣಿಗೆ ಕೊಟ್ಟು ಕುಳಿತೆ. ಎಂಟೂವರೆ ಆಯಿತು. ಒಂಬತ್ತಾಯಿತು, ಒಂಬತ್ತೂವರೆಯೂ ಆಯಿತು.

"ಯಾಕ್ರಿ ಹಿಂಗ ಗೊಂಬಿ ಹಂಗ ಕುಂತೀರಿ?" ಆರತಿ ಒಳಗಿನಿಂದ ಬಂದಳು.

"ಅನುಸೂಯಾ ಇನ್ನೂ ಬರ್ಲಿಲ್ಲ. ಸದ್ದು ಕೇಳಾಕತ್ತೀನಿ."

"ಯಾವ ಸದ್ದು?"

"ಬ್ರೇಕಿನ ಸದ್ದು!"

ಆರತಿ ಸೌಟು ಹಿಡಿದು ಹಾಗೇ ನಿಂತಳು. "ಅದನ್ನ ತಗಸಾಕಂತ ನಾಕು ದಿನಾ ಕುಣದವ್ರು ಯಾರ್ರಿ?" ಎಂದಳು.

ಕಿಟಕಿಯಿಂದ ಬಗ್ಗಿದೆ. ಓಣಿಯಲ್ಲಿ ಕಾರಿಲ್ಲ. ಆರತಿಯ ಫೋನು ಗುಣುಗಿತು. ಅನುಸೂಯಾ. ಆರತಿ ಸ್ಪೀಕರಿಗೆ ಹಾಕಿದಳು.

"ವೈನಿ, ಶಾಲೀಗೆ ಮುಟ್ಟಿದೆ. ಕೆಳಗ ಭಾಳೊತ್ತು ನಿಂತಿದ್ದೆ. ಅಣ್ಣಾರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಮ್ಯಾಲ ಬರೂಣಂದ್ರ ಗಾಡಿ ಬಿಡಾಕ ಜಾಗಾ ಇಲ್ಲ. ಹಾರ್ನ್ ಹೊಡಿಯೂಣಂದ್ರ ಬೋರ್ಡ್ ನೋಡಿದೆ. ಬಂದದ್ದ ಬರ್ಲಿ ಅಂತ ಒಬ್ಬಾಕಿನ ಹೊಂಟಬಿಟ್ಟೆ. ಅಣ್ಣಾರಿಗೆ ಹೇಳ್ರಿ, ಬ್ರೇಕ್ ಏನ್ ಛಲೋ ಆಗ್ಯಾವಂತ! ಕೈ ಒಮ್ಮೆನೂ ನಡಗಲಿಲ್ಲ."

ಧೈರ್ಯ ಕೊಡಬೇಕಾದ ಮಹಾಪುರುಷ ಮನೆಯಲ್ಲಿ ಡಬ್ಬಿ ಹಿಡಿದು ಕುಳಿತಿದ್ದ, ಧೈರ್ಯ ತಾನೇ ಕಾರು ನಡೆಸಿಕೊಂಡು ಖರಾಡಿಗೆ ಮುಟ್ಟಿತ್ತು!

ನಾನು ಸಿಟಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಏನನ್ನೂ ಯೋಚಿಸುತ್ತಿರಲಿಲ್ಲ. ಹೊರಗೆ ಕಟ್ಟಡಗಳು ಹಿಂದೆ ಹೋಗುತ್ತಿದ್ದವು. ಆಗ ಡ್ರೈವರ್ ಬ್ರೇಕ್ ಒತ್ತಿದ.

'ಕೀಂಯ್‌ಯ್‌ಯ್!'

ಡಬ್ಬಿ ಎತ್ತಿಕೊಂಡೆ. ಇಳಿದೆ. ಎಡಗಡೆಯ ಮುಂದಿನ ಬಾಗಿಲಿನ ಹಿಡಿಕೆಗೆ ಕೈ ಚಾಚಿದೆ. ಅಲ್ಲಿ ಹಿಡಿಕೆ ಇರಲಿಲ್ಲ, ಕಾರಿರಲಿಲ್ಲ. ಎದುರಿಗೆ ಎತ್ತರದ ಕಲ್ಲಿನ ಗೋಡೆಯಿತ್ತು. ಯರವಡಾ ಸ್ಟಾಪು!

ಹೊರಟ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ನನ್ನ ಕಡೆ ಕೂಗಿದ:

"ಓ ಕಾಕಾ! ಖರಾಡಿ ಅಜೂನ್ ಲಾಂಬ್ ಆಹೆ! ಇಥೇ ಜೇಲ್ ಆಹೆ, ತುಮಚಂ ಕೋಣ್ ಆಹೆ ಇಥೇ?"

ಖರಾಡಿ ಇನ್ನೂ ದೂರವಿದೆ, ಇಲ್ಲಿರುವುದು ಜೈಲು, ಇಲ್ಲಿ ನಿಮ್ಮವರು ಯಾರಿದ್ದಾರೆ ಎಂದು. ಯಾರೂ ಇಲ್ಲಪ್ಪಾ ಎಂದು ಹೇಳುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.