ಅತ್ತೆಯ ಸ್ಯಾನ್ ಫ್ರಾನ್ಸಿಸ್ಕೋ ಗಾಡಿ

ಅತ್ತೆಯ ಜೊತೆ ರೈಲು ಹತ್ತಿ, ಏನೂ ಆಗದೆ ಇಳಿದ ದಿನವೇ ನನಗೆ ನೆನಪಿಲ್ಲ. ನಾನೊಬ್ಬಳೇ ಹೋದರೆ ಏನೂ ಆಗುವುದಿಲ್ಲ. ಎಲ್ಲರೂ ಫೋನು ನೋಡುತ್ತ ಹತ್ತುತ್ತೇವೆ, ಫೋನು ನೋಡುತ್ತ ಇಳಿಯುತ್ತೇವೆ.

ನಮ್ಮ ಮನೆ ಲಾಸ್ ಆಲ್ಟೋಸ್‌ನಲ್ಲಿ. ಇಲ್ಲಿ ರೈಲು ಹತ್ತುವುದಕ್ಕೂ ಪಕ್ಕದೂರಿನ ಸ್ಟೇಷನ್ನಿಗೆ ಕಾರಿನಲ್ಲಿ ಹೋಗಬೇಕು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋದ ನನ್ನ ಆಫೀಸಿಗೆ ಲೋಕಲ್ ರೈಲು. ನಾದಿನಿಯ ಮನೆಯೂ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ. ಧಾರವಾಡದಿಂದ ಬಂದಿದ್ದ ಅತ್ತೆಗೆ ಒಂದೇ ಹಟ: ವಾಪಸು ಹೋಗುವುದರೊಳಗೆ ಒಮ್ಮೆಯಾದರೂ ಒಬ್ಬರೇ ರೈಲಿನಲ್ಲಿ ಮಗಳ ಮನೆಗೆ ಹೋಗಬೇಕು. ಮಗ, ಅಂದರೆ ನಮ್ಮ ಮನೆಯವರು, ಸುತರಾಂ ಒಪ್ಪಲಿಲ್ಲ. ನಿದ್ದೆ ಹತ್ತಿ ಮುಂದೆ ಹೋಗಿಬಿಟ್ಟರೆ ಏನು ಗತಿ ಎಂದರು.

"ಅದೇ ಕಡೀ ಟೇಶನ್ ಅಲ್ಲೇನು? ಅದರ ಮುಂದ ಗಾಡಿ ಸಮುದ್ರಕ್ಕ ಇಳೀತದೇನು?" ಎಂದರು ಅತ್ತೆ.

ಕೊನೆಗೆ ಒಂದು ರಾಜಿಯಾಯಿತು. ಕೆಲವು ಸಲ ನನ್ನ ಜೊತೆ ಹೋಗಿ ಬರಲಿ, ಎಡವಟ್ಟೇನೂ ಆಗದಿದ್ದರೆ ಒಬ್ಬರೇ ಹೋಗಲಿ ಎಂದು. ಆಯಿತೋ ಇಲ್ಲವೋ ಎಂದು ವರದಿ ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು.

ಸೀಟು ಹಿಡಿದದ್ದು

ಮೊದಲ ದಿನ ಶುಕ್ರವಾರ. ಶುಕ್ರವಾರ ಅರ್ಧ ಊರು ಮನೆಯಿಂದಲೇ ಕೆಲಸ ಮಾಡುತ್ತದೆ, ರೈಲು ಖಾಲಿ ಹೊಡೆಯುತ್ತಿರುತ್ತದೆ. ಬಾಗಿಲು ತೆರೆದದ್ದೇ ತಡ, ಅತ್ತೆ ನನ್ನನ್ನು ಸರಿಸಿ ಒಳಗೆ ನುಗ್ಗಿದರು. ನಾನು ಹತ್ತುವಷ್ಟರಲ್ಲಿ ಒಂದು ಸೀಟಿನ ಮೇಲೆ ಅವರು, ಪಕ್ಕದ್ದರ ಮೇಲೆ ಚೀಲ, ಎದುರಿನದರ ಮೇಲೆ ನನಗೆಂದು ಅವರ ಸ್ವೆಟರ್. ಬೋಗಿಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಆಫೀಸಿನಿಂದ ಫೋನು ಬಂತೆಂದು ನಾನು ಬಾಗಿಲ ಬಳಿಯೇ ನಿಂತೆ. ಅತ್ತೆಗೆ ಅಷ್ಟರಲ್ಲೇ ಜೊಂಪು ಹತ್ತಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದ ವಯಸ್ಸಾದ ಹೆಂಗಸೊಬ್ಬರು, ಪಾಪ, ಯಾರೋ ಮರೆತು ಹೋಗಿದ್ದಾರೆಂದು ಸ್ವೆಟರನ್ನು ಒಯ್ದು ಕಂಡಕ್ಟರನ ಕೈಗೆ ಕೊಟ್ಟರು. ಎಚ್ಚರವಾದ ಅತ್ತೆ ಅವನ ಹಿಂದೆಯೇ ಹೋದರು, ಅತ್ತೆಯ ಹಿಂದೆ ನಾನು. ಸ್ವೆಟರ್ ಯಾರದೆಂದು ಕಂಡಕ್ಟರ್ ಕೇಳಿದ. ಸ್ವೆಟರ್ ಅವರದು, ಸೀಟು ನನ್ನದು ಎಂದು ನಾನು ವಿವರಿಸಿದೆ. ಅವನು ಖಾಲಿ ಬೋಗಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿ, ಹಾಗಾದರೆ ಇನ್ಯಾರಾದರೂ ಬರುವುದರೊಳಗೆ ಕೂತುಬಿಡಿ ಎಂದ.

ಎದುರು ಸೀಟಿನವನು

ದಿನಾ ನನ್ನೆದುರು ಕೂರುವ ಒಬ್ಬ ಅಮೆರಿಕನ್ ಹುಡುಗನಿದ್ದಾನೆ. ಕಿವಿಯಲ್ಲಿ ಇಯರ್‌ಫೋನು, ತೊಡೆಯ ಮೇಲೆ ಲ್ಯಾಪ್‌ಟಾಪು. ವರ್ಷಗಳಿಂದ ಒಬ್ಬರಿಗೊಬ್ಬರು ತಲೆಯಾಡಿಸುತ್ತೇವೆ, ಅಷ್ಟೇ. ಒಂದು ದಿನ ಅತ್ತೆ ಅವನ ಮೂಗಿನ ಕೆಳಗೆ ಶೇಂಗಾ ಉಂಡೆಯ ಡಬ್ಬಿ ಹಿಡಿದರು. ಬೇಡ ಎನ್ನಲು ಅವನು ಒಂದು ಕಿವಿ ಖಾಲಿ ಮಾಡಿದ. ಅತ್ತೆಗೆ ಅಷ್ಟು ಸಾಕಾಯಿತು.

ನಾನು ಟಾಯ್ಲೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅವರ ಹೈಸ್ಕೂಲು ಇಂಗ್ಲಿಷಿನಲ್ಲೇ ಅವನ ಜಾತಕವೆಲ್ಲ ಹೊರಬಿದ್ದಿತ್ತು. ಊರು ಯಾವುದು, ಅಪ್ಪ ಏನು ಮಾಡುತ್ತಾನೆ, ಬಾಡಿಗೆ ಎಷ್ಟು.

"ಇಷ್ಟು ವರ್ಷ ಎದುರಿಗೆ ಕೂತೀ, ಅವನ ಹೇಣ್ತಿ ಬಸುರಿ ಅನ್ನೋದು ನಿನಗ ಗೊತ್ತಿಲ್ಲ?" ಎಂದು ನನಗೇ ಬೈದರು.

ಮರುದಿನ ಈ ಹುಡುಗ ನಮ್ಮ ಬೋಗಿಯ ಕಡೆ ತಲೆ ಹಾಕಲಾರ ಎಂದುಕೊಂಡಿದ್ದೆ. ಬಂದ, ನನ್ನೆದುರೇ ಕೂತ, ಅಜ್ಜಿ ಎಲ್ಲಿ ಎಂದು ಕೇಳಿದ. ಇವತ್ತು ಬಂದಿಲ್ಲ ಎಂದೆ. ಎದ್ದು ಬೇರೆ ಬೋಗಿಗೆ ಹೋದ.

ಕಳಿಸಲು ಹೋದವರು

ಎಡವಟ್ಟೇನಾದರೂ ಆಯಿತೇ ಎಂದು ಮನೆಯವರು ಕೇಳಿದಾಗಲೆಲ್ಲ, ಏನೂ ಇಲ್ಲ ಎಂದೆ. ಸೊಸೆಯಾದವಳು ಅಷ್ಟಾದರೂ ಮಾಡಬೇಕು. ಅಂತೂ ಒಂದು ಶನಿವಾರ ಅನುಮತಿ ಸಿಕ್ಕಿತು. ಆ ಕಡೆ ಕೊನೆಯ ಸ್ಟೇಷನ್ನಿಗೆ ನಾದಿನಿ ಬರುವುದು, ಈ ಕಡೆ ಇವರು ಹತ್ತಿಸಿ ಬರುವುದು.

ಇವರು ಮನೆಯ ಚಡ್ಡಿ, ಹವಾಯಿ ಚಪ್ಪಲಿಯಲ್ಲೇ ಹೊರಟರು. ದಾರಿಯುದ್ದಕ್ಕೂ ಉಪದೇಶ: ಯಾರ ಜೊತೆಗೂ ಮಾತಾಡಬೇಡ, ಟಿಕೆಟ್ ಕೈಯಲ್ಲೇ ಇರಲಿ, ನಡುವೆ ಎಲ್ಲೂ ಇಳಿಯಬೇಡ. ನಾನು ಮನೆಯಲ್ಲಿ ಕೂತು, ದೇವರೇ, ಇದೊಂದು ಸಲ ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇದು ಕೆಟ್ಟರೆ ಅತ್ತೆಗೆ ಇನ್ನೊಂದು ಅವಕಾಶ ಸಿಗುತ್ತಿರಲಿಲ್ಲ.

ರೈಲು ಹೊರಟ ಸ್ವಲ್ಪ ಹೊತ್ತಿಗೆ ಫೋನು ಬಂತು. ಅತ್ತೆಯದು.

ಆಗಿದ್ದಿಷ್ಟು. ಮಗಳಿಗೆಂದು ರೊಟ್ಟಿ, ಚಟ್ನಿಪುಡಿ ತುಂಬಿದ್ದ ಚೀಲ ಭಾರವಿತ್ತು. ಇವರು ಅದನ್ನು ಎತ್ತಿಕೊಂಡು ಒಳಗೆ ಹೋದರು, ಕಿಟಕಿ ಪಕ್ಕದ ಸೀಟು ಹುಡುಕಿ ಅವ್ವನನ್ನು ಕೂರಿಸಿದರು, ಉಪದೇಶವನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದರು. ನಮ್ಮೂರಿನಲ್ಲಾದರೆ ಗಾಡಿ ಅಲುಗಾಡಿದ ಮೇಲೆ ಇಳಿದು, ಕಿಟಕಿಯಲ್ಲಿ ಕೈಹಿಡಿದು ನಾಲ್ಕು ಹೆಜ್ಜೆ ನಡೆಯಬಹುದು. ಇಲ್ಲಿ ಮೊದಲು ಬಾಗಿಲು ಮುಚ್ಚುತ್ತದೆ. ಇವರ ಪರ್ಸು, ಫೋನು ಎರಡೂ ಕಾರಿನಲ್ಲಿ. ಟಿಕೆಟಂತೂ ಇಲ್ಲವೇ ಇಲ್ಲ. ಕಂಡಕ್ಟರ್ ಬಂದು ಕೇಳಿದಾಗ ಇವರು ಚಡ್ಡಿಯ ಖಾಲಿ ಜೇಬು ತಡಕಿದರಂತೆ. ಅತ್ತೆ ತಮ್ಮ ಟಿಕೆಟ್ ತೋರಿಸಿ, ಇವನು ನನ್ನ ಮಗ, ರೈಲು ರೂಢಿಯಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳಿಸುತ್ತೇನೆ ಎಂದು ಬಿಡಿಸಿಕೊಂಡರಂತೆ.

ಹಾಗಾದರೆ ನೀವೂ ಅವರ ಜೊತೆ ಇಳಿದುಬಿಡುತ್ತೀರಾ ಎಂದು ಅಳುಕುತ್ತಲೇ ಕೇಳಿದೆ.

"ನಾ ಯಾಕ ಇಳೀಲಿ? ನನ್ನ ಟಿಕೀಟು ಕಡೀತನ ಅದ," ಎಂದರು ಅತ್ತೆ. "ನೀ ಲಗೂನ ಬಂದು ಅವನ್ನ ಕರ್ಕೊಂಡು ಹೋಗು. ಬೆಂಚಿನ ಮ್ಯಾಲೆ ಕೂಡು, ಎಲ್ಲೂ ಹೋಗಬ್ಯಾಡ ಅಂತ ಹೇಳೀನಿ. ಮತ್ತ ಇನ್ನ ಮ್ಯಾಲೆ ಅವನ್ನ ಒಬ್ಬನ್ನೇ ಟೇಶನ್ನಿಗೆ ಕಳಸಬ್ಯಾಡವಾ."