ಕಳೆದ ಸಾಮಾನಿನ ಕೌಂಟರಿನ ಬಸುರಿ

ಎಡವಟ್ಟು ಶುರುವಾದದ್ದು ಒಂದು ಹಾಳೆಯಿಂದ. ಡಾಕ್ಟರು ಕೊಟ್ಟ 'ಕೊನೆಯ ಮೂರು ತಿಂಗಳು: ಏನೇನು ಆಗಬಹುದು' ಎಂಬ ಹಾಳೆಯನ್ನು ಅಕ್ಕ ಕೌಂಟರಿನ ಮೇಲೆ ಮರೆತಳು. ಬಸ್ ನಿಲ್ದಾಣದಲ್ಲಿ ಬೇರೆಯವರು ಮರೆತದ್ದನ್ನು ಕಾಯುವುದೇ ಅವಳ ಕೆಲಸ. ಅವಳು ಮರೆತರೆ ಕಾಯುವವರು ಯಾರು? ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಪಾರ್ಸೆಲ್ ಗುಮಾಸ್ತ ಅದನ್ನು ಗೋಡೆಗೆ ಅಂಟಿಸಿ, ಪೆನ್ಸಿಲ್ ಹಿಡಿದು ನಿಂತಿದ್ದ.

"ಒಂದನೇದು, ಕಾಲು ಊತ. ಎಲ್ಲಿ, ಕಾಲು ತೋರ್ಸಮ್ಮ."

"ನಿಮ್ಮ ಪಾರ್ಸೆಲ್ ನೀವು ನೋಡ್ಕೊಳ್ಳಿ, ನನ್ನ ಕಾಲು ನಾನು ನೋಡ್ಕೋತೀನಿ," ಎಂದಳು ಅಕ್ಕ. ನಿಜ ಹೇಳಬೇಕೆಂದರೆ, ಹೊಟ್ಟೆ ಅಡ್ಡ ಬಂದು ಕಾಲು ಅವಳಿಗೂ ಕಾಣದೆ ವಾರವಾಗಿತ್ತು.

ಹೆರಿಗೆ ರಜೆ ಆರು ತಿಂಗಳು. ಅದರ ಎಣಿಕೆ, ಕೆಲಸ ನಿಲ್ಲಿಸಿದ ದಿನದಿಂದಲೇ ಶುರು. ಹೆರಿಗೆಗೆ ಇನ್ನೂ ಏಳು ವಾರವಿತ್ತು. ಈಗಲೇ ಮನೆಗೆ ಕಳಿಸಿದರೆ ಅಷ್ಟೂ ದಿನ ಮಗುವಿನ ಪಾಲಿನಿಂದ ಹೋದಂತೆ. ಒಂದು ದಿನವನ್ನೂ ಬಿಟ್ಟುಕೊಡುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು. ಮ್ಯಾನೇಜರಿಗೂ ಕಳಿಸುವ ಧೈರ್ಯವಿರಲಿಲ್ಲ. ಯಾವ ಸಾಮಾನು ಎಲ್ಲಿದೆ ಎನ್ನುವುದು ಅವಳ ತಲೆಯಲ್ಲಿ ಮಾತ್ರ ಇತ್ತು.

ಹತ್ತು ಗಂಟೆಗೆ ನೋಟ್‌ಬುಕ್ ಹಿಡಿದ ಹೆಂಗಸೊಬ್ಬಳು ಬಂದು ಅಕ್ಕನ ಪಕ್ಕದ ಸ್ಟೂಲಿನಲ್ಲಿ ಕೂತಳು. "ಮ್ಯಾನೇಜರು ನೋಡ್ಕೊಂಡು ಬಾ ಅಂದ್ರು," ಎಂದಳು, ಅಷ್ಟೇ.

ಕಸ ಗುಡಿಸುವ ಅಜ್ಜಿ ಕಿವಿಯಲ್ಲಿ ಉಸುರಿದಳು: "ನರ್ಸಮ್ಮ ಇರ್ಬೇಕು ಕಣೆ. ನಿನ್ ಕೈಲಿ ಆಗುತ್ತೋ ಇಲ್ವೋ ಅಂತ ಬರ್ಕೊಂಡು ಹೋಗೋಕೆ ಬಂದವ್ಳೆ."

ಅಕ್ಕ ತಟ್ಟನೆ ಕಾಲನ್ನು ಮೇಜಿನಡಿ ಎಳೆದುಕೊಂಡಳು. ಕೂತರೆ ಎದೆಯುರಿ, ನಿಂತರೆ ಸೊಂಟನೋವು, ಎರಡೂ ಬೇಡವೆಂದರೆ ಶೌಚಾಲಯ. ಆರು ಸಲ "ಗೋಡೌನ್ ನೋಡ್ಕೊಂಡು ಬರ್ತೀನಿ" ಎಂದು ಹೋಗಿ ಬಂದಳು. ಗೋಡೌನು ಇದ್ದದ್ದು ಆ ಕಡೆಯಲ್ಲ. ಹೆಂಗಸು ಬರೆಯುತ್ತಲೇ ಇದ್ದಳು.

ಮಧ್ಯಾಹ್ನ ಒಬ್ಬ ಮುದುಕರು ಕನ್ನಡಕ ಕೇಳಿಕೊಂಡು ಬಂದ ಹೊತ್ತಿಗೇ ಹೊಟ್ಟೆ ಕಲ್ಲಿನಂತೆ ಬಿಗಿಯಿತು.

"ಏಳನೇದು, ಸುಳ್ಳು ನೋವು," ಎಂದು ಗುಮಾಸ್ತ ಪೆನ್ಸಿಲ್ ಎತ್ತಿದ.

ಅಕ್ಕ ಕಪಾಟನ್ನು ಗಟ್ಟಿಯಾಗಿ ಹಿಡಿದಳು. ಬಾಯಿ ಮುಚ್ಚಿದರೆ ನರಳಿಬಿಡುತ್ತೇನೆಂಬ ಭಯಕ್ಕೆ ಮಾತಾಡತೊಡಗಿದಳು. "ನಮ್ಮಲ್ಲಿ ತಾರೀಕಿನ ಪ್ರಕಾರ ಇಡಲ್ಲ. ಕನ್ನಡಕ, ಹಲ್ಲಿನ ಸೆಟ್ಟು, ಮಾತ್ರೆ ಡಬ್ಬಿಯವರೆಲ್ಲ ಓಡ್ಕೊಂಡು ಬರ್ತಾರೆ, ಅದಕ್ಕೆ ಕೈಗೆ ಸಿಗೋ ಹಾಗೆ ಇಲ್ಲಿ. ಛತ್ರಿಯವರು ಮುಂದಿನ ಮಳೆಗೆ ಬರ್ತಾರೆ, ಮೇಲೆ. ಒಂಟಿ ಚಪ್ಪಲಿಯವರು ಬರೋದೇ ಇಲ್ಲ, ಹಿಂದೆ." ಹೀಗೆ ಒಂದೊಂದು ಅರೆಯನ್ನೂ ವಿವರಿಸುತ್ತ ನಾಲ್ಕು ಹೆಜ್ಜೆ ಓಡಾಡುವಷ್ಟರಲ್ಲಿ ಬಿಗಿತ ಸಡಿಲಿತು. ಮುದುಕರಿಗೆ ಕನ್ನಡಕ ಸಿಕ್ಕಿತು, ಅಕ್ಕನಿಗೆ ಉಸಿರು ಬಂತು. ಆಮೇಲೆ ಸಂಜೆಯವರೆಗೂ, ತಾನೆಷ್ಟು ಗಟ್ಟಿ ಎಂದು ತೋರಿಸಲು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟಳು.

ಐದಕ್ಕೆ ಮ್ಯಾನೇಜರು ಬಂದು ನೋಟ್‌ಬುಕ್ ತಿರುವಿ ಹಾಕಿದರು. ಮುಖ ಅರಳಿತು.

"ಭೇಷ್. ನಿಮ್ಮ ಕೆಲಸ ಕಲಿಯೋಕೆ ಇವರಿಗೆ ಎರಡು ತಿಂಗಳಾದ್ರೂ ಬೇಕು ಅಂದ್ಕೊಂಡಿದ್ದೆ ಕಣಮ್ಮ. ಒಂದೇ ದಿನಕ್ಕೆ ಕಲಿಸ್ಬಿಟ್ರಿ. ಇನ್ನು ನೀವು ಆರಾಮಾಗಿ ಮನೇಲಿರಿ. ರಜೆ ಮಂಜೂರು ಮಾಡಿದೀನಿ, ಇವತ್ತಿಂದಲೇ."

"ಇವತ್ತು ದಿನಪೂರ್ತಿ ದುಡಿದಿದೀನಲ್ಲ ಸಾರ್?"

"ಇವತ್ತಿನ ಹಾಜರಿ ಇವರ ಹೆಸರಿಗೆ ಹಾಕಿ ಆಯ್ತಲ್ಲ."

ಗುಮಾಸ್ತನೂ ಅಜ್ಜಿಯೂ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಮಗುವಿನ ಪಾಲಿನಿಂದ ಹೋದ ಏಳು ವಾರವನ್ನು ಅಕ್ಕ ಬೆರಳು ಮಡಚಿ ಎಣಿಸಿದಳು. ಎಣಿಸುತ್ತಲೇ ಹೊರಗೆ ಬಂದವಳಿಗೆ ಕೈಚೀಲ ಒಳಗೇ ಉಳಿದದ್ದು ನೆನಪಾಯಿತು. ಬಾಗಿಲಿಗೆ ಕೈ ಹಾಕಿದಳು.

"ಒಳಗಡೆ ಸಿಬ್ಬಂದಿ ಮಾತ್ರ ಮೇಡಂ," ಎಂದಳು ಹೊಸಬಳು, ಬಹಳ ವಿನಯದಿಂದ. ಚೀಲವನ್ನು ಕೌಂಟರಿನ ಮೇಲಿಟ್ಟು, ರಿಜಿಸ್ಟರು ಮುಂದೆ ಸರಿಸಿದಳು. "ಒಳಗೆ ಏನೇನಿದೆ ಹೇಳಿ, ಇಲ್ಲೊಂದು ಸಹಿ ಹಾಕಿ ತಗೊಂಡು ಹೋಗಿ."