ಕುಂಕುಮ ಕೊಟ್ಟು ಕೇಳಿದ ಓಟು

ಹೆಂಗಸೊಬ್ಬಳು ಚುನಾವಣೆಗೆ ನಿಂತಳೆಂದರೆ ಆ ಊರಿನವರು ನಗುವುದಕ್ಕೆ ನಾಟಕದ ಕಂಪನಿಗಾಗಿ ಕಾಯಬೇಕಾಗಿಲ್ಲ. ನಾನು ಅರಕಲಗೂಡಿನ ಮಗಳು, ಮೈಸೂರಿನಲ್ಲಿ ಬಿ.ಎ. ಮಾಡಿದವಳು, ಶಾಂತಿಗ್ರಾಮದಾಚೆಯ ಹಳ್ಳಿಯೊಂದರ ಸೊಸೆ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಪಂಚಾಯಿತಿಗೆ ನಿಂತೆ. ನಡೆದದ್ದನ್ನೆಲ್ಲ ಅಂದಂದೇ ಬರೆದಿಡುವುದು ನನ್ನ ಅಭ್ಯಾಸ. ಹಾಗಾಗಿ ಇದರಲ್ಲಿ ಉಪ್ಪುಖಾರ ಸೇರಿಸಿಲ್ಲ.

ಹೆಂಗಸರ ಸೀಟು

ಒಂದು ಬೆಳಿಗ್ಗೆ ಪಟೇಲರು ನಮ್ಮ ಜಗಲಿಗೆ ಬಂದು ಕೂತರು. ನಮ್ಮ ಯಜಮಾನರಿಗೆ ಹೇಳಿದರು: "ಈ ಸಲ ಹೆಂಗಸ್ರಿಗೆ ಅಂತ ಸೀಟು ಮಡಗವ್ರಂತೆ ಗೌಡ್ರೇ. ಅಮ್ಮಾವ್ರ ಎಸ್ರು ಕೊಟ್ಬುಡಿ. ಮೀಟಿಂಗ್‌ಗೆ ನೀವು ಬಂದ್ರಾಯ್ತು."

ನಾನು ಬಾಗಿಲಿಗೆ ಬಂದು, "ನಿಂತರೆ ನಾನೇ ನಿಲ್ಲುತ್ತೇನೆ, ಗೆದ್ದರೆ ನಾನೇ ಬಂದು ಕೂರುತ್ತೇನೆ ಪಟೇಲರೇ. ನಿಮ್ಮ ಸೀಟಿನಲ್ಲಿ ನಿಮ್ಮ ಮನೆಯವರು ಬಂದು ಕೂರುತ್ತಾರಾ?" ಎಂದೆ.

"ಅವ್ಳಿಗೇನವ್ವ ತಿಳೀತದೆ ಪಂಚಾಯ್ತಿ?"

"ಇವರಿಗೇನು ತಿಳಿಯುತ್ತೆ?"

ಪಟೇಲರು ಏನೋ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ನಮ್ಮವರು, "ದಿಟ ಕಣ್ರೀ, ನಂಗೇನೂ ತಿಳಿಯಕ್ಕಿಲ್ಲ" ಎಂದು ಒಳಗೆ ಎದ್ದುಹೋದರು.

ಹೆಬ್ಬೆಟ್ಟು

ನಾಮಪತ್ರ ಕೊಡಲು ಗಂಡಹೆಂಡಿರು ಹಾಸನಕ್ಕೆ ಹೋದೆವು. ಗುಮಾಸ್ತರು ನನ್ನ ಕಡೆ ನೋಡದೆ ಮಸಿಯ ಡಬ್ಬಿಯನ್ನು ನನ್ನತ್ತ ತಳ್ಳಿ, "ಅಮ್ಮಾವ್ರು ಹೆಬ್ಬೆಟ್ಟು ಒತ್ಲಿ ಸಾ" ಎಂದು ಯಜಮಾನರಿಗೆ ಹೇಳಿದರು. ನಾನು ಪೆನ್ನು ತೆಗೆದು ಇಂಗ್ಲಿಷಿನಲ್ಲಿ ರುಜು ಹಾಕಿ, ಮುಂದೆ ಬಿ.ಎ. ಎಂದು ಬರೆದೆ. ಗುಮಾಸ್ತರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ತೆರೆದ ಡಬ್ಬಿ ದಂಡವಾಗಬಾರದೆಂದೋ ಏನೋ, ಅದನ್ನು ಸೂಚಕರಾಗಿ ಬಂದಿದ್ದ ನಮ್ಮವರ ಮುಂದಿಟ್ಟು, "ಹಂಗಾರೆ ನೀವು ಒತ್ತಿ ಸಾ" ಎಂದರು.

ನಮ್ಮವರೂ ಹೈಸ್ಕೂಲು ಓದಿದವರು. ಆದರೂ ಒತ್ತಿದರು.

ಪಕ್ಕದಲ್ಲೇ ಪಟೇಲರು ಇನ್ನೊಂದು ನಾಮಪತ್ರ ಹಿಡಿದು ನಿಂತಿದ್ದರು. ನನ್ನ ಎದುರು ನಿಲ್ಲುವವರು ಅವರ ಹೆಂಡತಿಯೇ. "ಅವ್ಳು ಮನೆ ಬುಟ್ಟು ಬರಾಕಿಲ್ಲ ಸಾ, ಒತ್ತಿಸ್ಕಂಡೇ ಬಂದಿವ್ನಿ" ಎಂದರು. ಅದಕ್ಕೆ ಯಾರೂ ಏನೂ ಕೇಳಲಿಲ್ಲ. ಬಸ್ಸು ಶಾಂತಿಗ್ರಾಮ ದಾಟಿದರೂ ನಮ್ಮವರು ಬೆರಳನ್ನು ಪಂಚೆಗೆ ಉಜ್ಜುತ್ತಲೇ ಇದ್ದರು.

ಕರೆಯುವ ಕ್ರಮ

ಓಟು ಕೇಳಲು ಹೊರಟಾಗ ಅತ್ತೆ ತಡೆದರು. "ಹೆಂಗಸ್ರನ್ನ ಬರಿಗೈಲಿ ಕರೀತಾರೇನೇ?" ಎಂದು ಕುಂಕುಮದ ಭರಣಿ ಕೈಗಿಟ್ಟರು. ನಮ್ಮ ಕಡೆ ಕುಂಕುಮ ತೆಗೆದುಕೊಂಡ ಮೇಲೆ ಹೋಗದೆ ಇರುವ ಹಾಗಿಲ್ಲ. ಕರೆಯುವವರು ಯಾವ ಮನೆಯನ್ನೂ ಬಿಡುವ ಹಾಗೂ ಇಲ್ಲ. ಪಟೇಲರ ಮನೆಗೂ ಹೋದೆ. ಅವರ ಹೆಂಡತಿ ಮಣೆ ಹಾಕಿ ಕೂರಿಸಿ, ಕುಂಕುಮ ಇಟ್ಟುಕೊಂಡು, "ನಿಂದು ದೀಪದ ಗುರ್ತಾ? ಒಳ್ಳೇದಾಗ್ಲಿ ಕಣವ್ವ, ಬತ್ತೀನಿ" ಎಂದರು. ಎದುರಾಳಿಯ ದೊಡ್ಡತನ ಎಂದುಕೊಂಡೆ.

ಓಟಿನ ದಿನ ಬಾಗಿಲು ತೆರೆದರೆ ಊರಿನ ಹೆಂಗಸರೆಲ್ಲ ಮದುವೆಯ ಸೀರೆ ಉಟ್ಟು, ಹೂ ಮುಡಿದು ನಮ್ಮ ಅಂಗಳದಲ್ಲಿದ್ದಾರೆ. ಒಬ್ಬಳು ಒಳಗೆ ಇಣುಕಿ, "ಒಲೇನೇ ಹಚ್ಚಿಲ್ವಲ್ಲವ್ವ" ಎಂದಳು.

"ಓಟು ಇಲ್ಲಲ್ಲ, ಸ್ಕೂಲಿನಲ್ಲಿ."

"ಕುಂಕುಮ ಕೊಟ್ಟೋಳು ನೀನು, ಕರ್ಕೊಂಡ್ ಓಗು ಮತ್ತೆ."

ಕರೆದುಕೊಂಡು ಹೊರಟೆ. ಸ್ಕೂಲಿನ ಬಾಗಿಲಲ್ಲಿದ್ದ ಅಧಿಕಾರಿ ಓಡಿ ಬಂದು, "ದಿಬ್ಬಣ ಆ ಕಡೆಯಿಂದ ಹೋಗಲಿ ತಾಯಿ, ಇಲ್ಲಿ ಚುನಾವಣೆ ನಡೀತಿದೆ" ಎಂದರು.

ಗುಟ್ಟು

ಸಾಲಿನ ಮೊದಲಲ್ಲಿ ಪಟೇಲರ ಹೆಂಡತಿ. ಓಟು ಹಾಕಿ ಹೊರಗೆ ಬಂದ ಆಕೆಯನ್ನು ಪಟೇಲರು ಎಲ್ಲರೆದುರೇ ಕೇಳಿದರು: "ಸರ್ಯಾಗ್ ಹಾಕ್ದೇನೇ?"

"ಹೂಂ. ದೀಪಕ್ಕೆ."

"ದೀಪಕ್ಕಾ? ಲೇ, ನಿಂತಿರೋಳು ನೀನು ಕಣೇ."

"ನಾನಾ? ಯಾವಾಗ?"

"ಅವತ್ತು ಹೆಬ್ಬೆಟ್ಟು ಒತ್ತಿಸ್ಕಂಡ್ನಲ್ಲ."

"ಕಂದಾಯದ ಕಾಗ್ದ ಅಂದ್ರಿ." ಆಕೆ ಸೆರಗು ಸರಿಮಾಡಿಕೊಂಡು, "ಮೊದ್ಲೇ ಹೇಳದಲ್ವಾ? ನಾನೂ ಮನೆ ಮನೆಗೆ ಕುಂಕುಮ ತಗಂಡ್ ಓಯ್ತಿದ್ದೆ" ಎಂದರು.

ನಾನು ಗೆದ್ದೆ. ಅವಧಿ ಪೂರ್ತಿ ಪ್ರತಿ ಮೀಟಿಂಗಿಗೂ ನಾನೇ ಹೋಗಿ ಕೂತೆ.

ಮುಂದಿನ ಚುನಾವಣೆ ಬಂತು. ನಾನು ಮತ್ತೆ ನಿಂತೆ. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಪಟೇಲರ ಹೆಂಡತಿ, ಕೈಯಲ್ಲಿ ಭರಣಿ. ಹಿಂದೆ ಪಟೇಲರು ಎಲೆಅಡಿಕೆಯ ತಟ್ಟೆ ಹಿಡಿದು, ನೆಲ ನೋಡುತ್ತ ನಿಂತಿದ್ದರು.

"ಈ ಸಲ ನಾನೇ ನಿಂತಿವ್ನಿ ಕಣವ್ವ. ಯಾವ ಮನೇನೂ ಬುಡಬಾರ್ದಲ್ಲ, ಅದ್ಕೇ ಬಂದೆ."

ಮಣೆ ಹಾಕಿದೆ. ಕುಂಕುಮ ಇಟ್ಟುಕೊಂಡೆ.

ಆಕೆ ಗೆದ್ದರು. ಅಂದು ಯಾರಿಗೆ ಹಾಕಿದೆ ಎಂದು ನಮ್ಮವರು ಇಂದಿಗೂ ಕೇಳುತ್ತಾರೆ. ಓಟು ಗುಟ್ಟಿನದು ಎನ್ನುತ್ತೇನೆ. ಎಲ್ಲವನ್ನೂ ಬರೆದಿಡುವ ನಾನು ಅದೊಂದನ್ನು ಮಾತ್ರ ಎಲ್ಲೂ ಬರೆದಿಟ್ಟಿಲ್ಲ.